ಜೋಳದ ಹಿಂದೆ ಗೋಧಿ ಬೀಸಿದ ದಿನ

೧

ಈ ಕತೆಯನ್ನು ಯಾವ ಊರಿನಿಂದ ಶುರು ಮಾಡಬೇಕೆಂಬುದೇ ಇನ್ನೂ ತೀರ್ಮಾನವಾಗಿಲ್ಲ. ಮೊದಲ ಕರಡು ಇಂಡಿಯಲ್ಲಿತ್ತು. ಅಲ್ಲಿ ಲಿಂಬೆ ವ್ಯಾಪಾರಿಯೊಬ್ಬ ವಾಟ್ಸಾಪಿನಲ್ಲಿ ಹಣ್ಣಿನ ಫೋಟೊ ಹಾಕಿ ಮಾರುತ್ತಿದ್ದ. ಎರಡನೇ ಪುಟಕ್ಕೆ ಹಣ್ಣೆಲ್ಲ ಖಾಲಿಯಾಗಿ ಅವನು ಮನೆಗೆ ಹೋಗಿ ಮಲಗಿದ. ಸಿಂದಗಿಯ ಟೇಲರ್ ಕಂಪ್ಯೂಟರ್ ಹೊಲಿಗೆ ಯಂತ್ರ ತಂದ. ಅದರ ಕೈಪಿಡಿ ಚೀನೀ ಭಾಷೆಯಲ್ಲಿತ್ತು. ಅವನಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಬಸವನ ಬಾಗೇವಾಡಿಯ ಚಹಾದಂಗಡಿಯವನು ತನಗೆ ಯಾವ ತಂತ್ರಜ್ಞಾನವೂ ಬೇಡವೆಂದ. ಚಹಾ ಚೆನ್ನಾಗಿತ್ತು. (ಆ ಕರಡಿನಲ್ಲಿ ಇದ್ದ ಒಂದೇ ಗಟ್ಟಿ ವಾಕ್ಯ ಇದು. ಆದರೆ ಒಂದು ವಾಕ್ಯಕ್ಕೆ ಕತೆಯೆಂದರೆ ನೀವು ಬಿಡುತ್ತೀರಾ?)

ಉಳಿದದ್ದು ಮುದ್ದೇಬಿಹಾಳ. ಓದುಗರೇ, ಬನ್ನಿ. ಹಿಟ್ಟು ಮೆತ್ತಿದರೆ ಬಯ್ಯಬೇಡಿ.

೨

ತಂಗಡಗಿ ರಸ್ತೆಯಲ್ಲಿ ಗುರವ್ವನ ಹಿಟ್ಟಿನ ಗಿರಣಿ. ಒಂದೇ ಬೀಸುಕಲ್ಲು. ಇಪ್ಪತ್ತೆರಡು ವರ್ಷದಿಂದ ಅವಳೇ ನಡೆಸುತ್ತಾಳೆ. ಅವಳ ದೊಡ್ಡ ಗಿರಾಕಿ ಸುಂದರವ್ವ. ಹತ್ತು ಹೆಂಗಸರನ್ನು ಇಟ್ಟುಕೊಂಡು ಖಡಕ್ ರೊಟ್ಟಿ ಮಾಡಿಸಿ ಊರೂರಿಗೆ ಕಳಿಸುವವಳು, ವಾರಕ್ಕೆ ನಾಲ್ಕು ಚೀಲ ಜೋಳ ಗಿರಣಿಗೆ ತರುವವಳು. ಆ ನಾಲ್ಕು ಚೀಲ ಬಂದರೆ ಗಿರಣಿ ಉಳಿಯುತ್ತದೆ, ಬರದಿದ್ದರೆ ಬಾಗಿಲು ಹಾಕಬೇಕು. ಇದನ್ನು ಗುರವ್ವ ಯಾರಿಗೂ ಹೇಳಿರಲಿಲ್ಲ. ನಾನು ಹೇಳಿಬಿಟ್ಟೆ.

ಎರಡು ತಿಂಗಳ ಹಿಂದೆ ಮಾರ್ಕೆಟ್ ಕಡೆ ಹಣಮಂತ್ರಾಯ ಹೊಸ ಗಿರಣಿ ಹಾಕಿದ. ಗೋಡೆಗೆ ಕೆಂಪು ಅಂಕಿಯ ಬೋರ್ಡು, ಟೋಕನ್ ನಂಬರ್ ಕೂಗುವ ಯಂತ್ರ. ಸುಂದರವ್ವ ಹೋಗಿ ನೋಡಿಬಂದು ಗುರವ್ವನ ಮುಂದೆಯೇ ಹೇಳಿದಳು.

"ಏನ್ ಶಾಂತ ಐತಿ ಯವ್ವಾ ಅಲ್ಲಿ. ಬ್ಯಾಂಕಿನ್ಯಾಗ ಕುಂತಂಗ ಆಗ್ತೈತಿ. ನಿನ್ನ ಗಿರಣ್ಯಾಗ ಕುಂತ್ರ ಸಂತ್ಯಾಗ ಕುಂತಂಗ."

ಅವತ್ತು ಗುರವ್ವನಿಗೆ ಊಟ ಸೇರಲಿಲ್ಲ. ಮರುದಿನ ಮೊದಲ ಬಸ್ಸಿಗೆ ವಿಜಯಪುರಕ್ಕೆ ಹೋಗಿ, ಅಂಥದ್ದೇ ಟೋಕನ್ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದಳು.

೩

ಯಂತ್ರದೊಳಗಿನ ಹೆಣ್ಣುಮಗಳು ಬಹಳ ಮರ್ಯಾದಸ್ಥೆ. "ಟೋಕನ್ ಸಂಖ್ಯೆ ಹದಿನಾಲ್ಕು, ದಯವಿಟ್ಟು ಮುಂದೆ ಬನ್ನಿ" ಎನ್ನುತ್ತಾಳೆ. ಮುದ್ದೇಬಿಹಾಳದ ಹೆಂಗಸರು ಅವಳಿಗಿಂತ ಮರ್ಯಾದಸ್ಥರು.

"ಬಂದ್ನಿ ತಡೀರಿ ಬಾಯಾರ, ಚಪ್ಪಲಿ ಸಿಗವಲ್ದು."

ಹದಿನಾಲ್ಕು ಜೋಳ. ಬೀಸಿ ಆಯಿತು. ಹದಿನೈದನೆಯವಳು ಸುನಂದಾ. ಅವಳದು ಗೋಧಿ, ಸಂಜೆ ಬೀಗರು ಬರುವವರಿದ್ದರು, ಹೋಳಿಗೆಯ ಊಟ. ಅವಳು ಡಬ್ಬಿಯನ್ನು ಅಪ್ಪಿ ಹಿಡಿದು ಕೂತಲ್ಲೇ ಕೂತಳು.

"ಜೋಳದ ಹಿಂದ ನನ್ನ ಗೋದಿ ಹಾಕ್ತೀರೇನು? ಹೋಳಿಗಿ ಹರದ್ರ ಬೀಗರ ಮುಂದ ಯಾರ್ ನಿಂದ್ರತೀರಿ, ಈ ಬಾಯಾರ ನಿಂದ್ರತಾರ?"

(ಇಲ್ಲೊಂದು ವಿವರಣೆ ಬೇಕು, ಕ್ಷಮಿಸಿ. ಒಬ್ಬರ ಹಿಟ್ಟು ಸ್ವಲ್ಪ ಕಲ್ಲಿನಲ್ಲೇ ಉಳಿದು ಮುಂದಿನವರ ಹಿಟ್ಟಿಗೆ ಸೇರುತ್ತದೆ. ಅದಕ್ಕೇ ಗುರವ್ವ ಮೊದಲಿಂದ "ಜೋಳದಾವ್ರು ಬರ್ರಿ" ಎಂದು ಕರೆದು ಎಲ್ಲ ಜೋಳ ಮುಗಿಸಿ, ನಡುವೆ ತನ್ನದೇ ಒಂದು ಬೊಗಸೆ ಗೋಧಿ ಹಾಕಿ ಕಲ್ಲು ತೊಳೆದಂತೆ ಮಾಡಿ, ಆಮೇಲೆ ಗೋಧಿಯವರನ್ನು ಕರೆಯುತ್ತಿದ್ದಳು. ಯಾರು ಮೊದಲು, ಯಾರು ಕಡೆಗೆ ಎಂಬ ಜಗಳವೇ ಆ ಸಂತೆಯ ಗದ್ದಲ. ಗದ್ದಲವೇ ಪಾಳಿಯಾಗಿತ್ತು.)

ಗುರವ್ವ ಗುಂಡಿ ಒತ್ತಿದಳು. ಹದಿನಾರು ಕಡಲೆಬೇಳೆ. ಅವಳಿಗೆ ತನ್ನ ಕಡಲೆಹಿಟ್ಟಿನಲ್ಲಿ ಜೋಳ ಬೇಡ. ಹದಿನೇಳು ಜೋಳವೇ, ಆದರೆ ತನ್ನ ಪಾಳಿಗೆ ಮುಂಚೆ ಕಡಲೆ ಬಿತ್ತೋ ಇಲ್ಲವೋ ಎಂಬ ಅನುಮಾನ. ಅನುಮಾನ ಬಂದ ಮೇಲೆ ರೊಟ್ಟಿಗೆ ರುಚಿ ಎಲ್ಲಿಯದು. ಅರ್ಧ ತಾಸಿನಲ್ಲಿ ಯಂತ್ರ ಮೂವತ್ತೊಂದಕ್ಕೆ ಮುಟ್ಟಿತು. ಹದಿನಾಲ್ಕರ ನಂತರ ಒಂದು ಡಬ್ಬಿಯೂ ಕಲ್ಲಿಗೆ ಮುಟ್ಟಲಿಲ್ಲ. ಹೆಂಗಸರು ಟೋಕನ್ ಅದಲುಬದಲು ಮಾಡಿಕೊಳ್ಳತೊಡಗಿದರು. ಗುರವ್ವ ತಡೆಯಲಾರದೆ ಸುನಂದಾಳ ಡಬ್ಬಿ ಕಸಿದು ಜೋಳದ ಕಲ್ಲಿಗೇ ಸುರಿದುಬಿಟ್ಟಳು. ಆಮೇಲೆ ಎದ್ದ ಗದ್ದಲವನ್ನು ಬರೆಯುವಷ್ಟು ನನ್ನ ಭಾಷೆ ಗಟ್ಟಿಯಿಲ್ಲ.

ಅದೇ ಹೊತ್ತಿಗೆ ಆಟೋದಲ್ಲಿ ನಾಲ್ಕು ಚೀಲ ಹೇರಿಕೊಂಡು ಬಂದ ಸುಂದರವ್ವ ಇಳಿಯಲೇ ಇಲ್ಲ. ಒಳಗೆ ಇಣುಕಿದಳು, ಗದ್ದಲ ಕೇಳಿದಳು, ಡ್ರೈವರನ ಬೆನ್ನು ತಟ್ಟಿದಳು. ಆಟೋ ಮಾರ್ಕೆಟ್ ಕಡೆ ಮುಖ ಮಾಡಿತು. ಗುರವ್ವ ನೋಡಿದಳು.

೩ರ ಬಾಲ

ಆಗಲೇ ಸಾಕ್ಷಿ ಎಂಬ ಹುಡುಗಿಯೂ ಬಂದಳು. ನಾಲ್ಕು ತಾಲೂಕಿನ ಸಣ್ಣ ಉದ್ದಿಮೆಗಳ ಸರ್ವೆ ಮಾಡುವವಳು, ಕೈಯಲ್ಲಿ ಟ್ಯಾಬ್.

"ಅಕ್ಕಾರ, ತಂತ್ರಜ್ಞಾನ ಅಳವಡಿಸಿದ ಮ್ಯಾಲ ಗಿರಾಕಿ ಹೆಚ್ಚಾಗ್ಯಾರೋ, ಕಡಿಮಿ ಆಗ್ಯಾರೋ?"

"ಕುಂತಾರ."

"ಆ ಆಪ್ಶನ್ ಇಲ್ರಿ."

"ಹಂಗಾರ ತಗೋ, ನಿನಗೂ ಒಂದ್ ಟೋಕನ್. ಕುಂಡ್ರು."

ಸಾಕ್ಷಿ ಕೂತಳು. ಅವಳ ನಂಬರ್ ಮೂವತ್ತೆಂಟು.

ಮುಕ್ತಾಯ, ಮೊದಲ ಪ್ರಯತ್ನ

ಹಣಮಂತ್ರಾಯನ ಗಿರಣಿಯಲ್ಲೂ ಇದೇ ರಾದ್ಧಾಂತವಾಯಿತು. ಸುಂದರವ್ವ ಬೇಸತ್ತು ಹಿಂದಿರುಗಿದಳು. ಹಳೆಯದೇ ಒಳ್ಳೆಯದೆಂದು ಎಲ್ಲರೂ ಒಪ್ಪಿದರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಗುರವ್ವ ಹುಬ್ಬಿನ ಹಿಟ್ಟು ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಸುಳ್ಳ ಯಾಕ ಬರೀತಿ ತಮ್ಮಾ? ಅವಂದು ಎರಡ್ ಕಲ್ಲು ಅದಾವ. ಜೋಳಕ್ಕೊಂದು, ಗೋದಿಗೊಂದು. ಅದಕ್ಕ ಅಲ್ಲಿ ಶಾಂತ ಐತಿ."

(ಇದು ನನಗೆ ಗೊತ್ತಿರಲಿಲ್ಲ. ಬೋರ್ಡು ನೋಡಿದ್ದೆ, ಕಲ್ಲು ಎಣಿಸಿರಲಿಲ್ಲ. ಸಾಕ್ಷಿಯ ಫಾರ್ಮಿನಲ್ಲೂ ಕಲ್ಲೆಷ್ಟು ಎಂಬ ಪ್ರಶ್ನೆಯಿಲ್ಲ. ಕೇಳಬೇಕಾಗಿತ್ತು. ತಪ್ಪು ನನ್ನದು.)

"ಗೊತ್ತಿದ್ದೂ ಯಂತ್ರ ಯಾಕ ತಂದ್ರಿ?"

"ಕಲ್ಲು ತೊಡಿ ಮ್ಯಾಲ ಇಟಗೊಂಡು ಬಸ್ಸಿನ್ಯಾಗ ತರಾಕ ಬರ್ತೈತೇನು?" ಅಂದಳು. ಆಮೇಲೆ ದನಿ ತಗ್ಗಿಸಿ, "ಕತಿ ನಿಂದ ಹೌದಲ್ಲ? ನನಗೂ ಒಂದ್ ಕಲ್ಲು ಬರದ್ ಕೊಡು."

"ಎಲ್ಲಿಂದ ಬಂತು ಅಂತ ಓದುವವರು ಕೇಳ್ತಾರ್ರಿ."

"ಹಣಮಂತ್ರಾಯಗ ಎಲ್ಲಿಂದ ಬಂತು ಅಂತ ಕೇಳಿದ್ರೇನು?"

ಓದುಗರೇ, ನೀವು ಕೇಳಲಿಲ್ಲ.

ಮುಕ್ತಾಯ, ಎರಡನೆಯದು (ಇದನ್ನು ನಾನು ಬರೆದದ್ದಲ್ಲ)

ಯಂತ್ರದ ಬೆನ್ನಿಗೆ ಒಂದು ಮೈಕ್ ಸಿಕ್ಕಿಸಿತ್ತು. ನನ್ನ ಯಾವ ಕರಡಿನಲ್ಲೂ ಅದು ಇರಲಿಲ್ಲ. ಗುರವ್ವ ತಾನೇ ಹುಡುಕಿ ಕಿತ್ತು ಬಾಯಿಗೆ ಹಿಡಿದಳು.

"ಟೋಕನ್ ಕಿಸೆದಾಗ ಇಡ್ರಿ. ಜೋಳದಾವ್ರು ಯಾರ್ಯಾರದೀರಿ, ಎದ್ ಬರ್ರಿ. ಸುನಂದಾ, ನಿನಗ ನನ್ನ ಮನಿ ಗೋದಿ ಕೊಡ್ತೇನಿ, ಬಾಯಿ ಮುಚ್ಚು. ಕಡ್ಲೀದಾಕಿ ಕಡೀಕ."

ಕಲ್ಲು ತಿರುಗಿತು. ಅವಳ ದನಿ ಗಿರಣಿ ತುಂಬಿ, ರಸ್ತೆ ದಾಟಿ, ಕ್ರಾಸಿನವರೆಗೂ ಹೋಯಿತು. ಮಾರ್ಕೆಟಿಗೆ ತಿರುಗುವ ಆ ಕ್ರಾಸಿನಲ್ಲಿ ಸುಂದರವ್ವನ ಆಟೋ ಇನ್ನೂ ನಿಂತಿತ್ತು. ಸುಂದರವ್ವ ಹೊರಗೆ ತಲೆ ಹಾಕಿ ಕೇಳಿಸಿಕೊಂಡಳು.

ಇದೇ ಸಮಯವೆಂದು ನಾನು ಬಗ್ಗಿ ಬರೆಯತೊಡಗಿದೆ: ಆಟೋ ಹಿಂದಕ್ಕೆ

ಹಿಟ್ಟಿನ ಕೈಯೊಂದು ಹಾಳೆಯ ಮೇಲೆ ಬಿತ್ತು.

"ಬರೀಬ್ಯಾಡ."

"ಯಾಕ್ರಿ? ನಿಮ್ಮ ಗಿರಣಿ ಉಳೀತೈತಿ."

"ನೀ ಬರದ್ರ ಈ ವಾರ ಬರ್ತಾಳ. ಮುಂದಿನ ವಾರ ಯಾರ್ ಬರೀತಾರ, ನಿಮ್ಮಪ್ಪ?"

ಪೆನ್ನು ಕೆಳಗಿಟ್ಟೆ. ಆದ್ದರಿಂದ ಆಟೋ ಈಗಲೂ ಕ್ರಾಸಿನಲ್ಲೇ ಇದೆ. ಅದನ್ನು ಓಡಿಸುವ ಅಮೀನುದ್ದೀನ ಹೋದ ತಿಂಗಳು ವೈರಿಂಗ್ ರಿಪೇರಿ ಮಾಡಿಸಿದಾಗಿನಿಂದ ಎಡದ ಮತ್ತು ಬಲದ ತಿರುವಿನ ದೀಪ ಎರಡೂ ಒಟ್ಟಿಗೆ ಮಿಣುಕುತ್ತವೆ. ಹಿಂದೆ ನಿಂತ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಅವನಿಗೂ ತಿಳಿಯುತ್ತಿಲ್ಲ.

ಗಿರಣಿಯಲ್ಲಿ ಗುರವ್ವ ಜೋಳ ಸುರಿಯುತ್ತಿದ್ದಾಳೆ. ಅವಳು ಬಾಗಿಲ ಕಡೆ ನೋಡುತ್ತಿಲ್ಲ. ಪಾಳಿಯಲ್ಲಿ ಕೂತ ಎಲ್ಲರಿಗೂ ಗೊತ್ತಾಗುವಷ್ಟು ಕಷ್ಟಪಟ್ಟು ನೋಡುತ್ತಿಲ್ಲ.