ಅಂಜಿನಕ್ಕನ ಹರಕೆಯಿಲ್ಲದ ಪಯಣ

ಅಂಜಿನಕ್ಕ ದಾರಿಯ ನಟ್ಟನಡುವೆ ನಡೆಯುತ್ತಾಳೆ. ಓಣಿಯಾಗಲಿ, ಸಂತೆಯಾಗಲಿ, ಹಡಗಲಿಯ ಬಸ್ ನಿಲ್ದಾಣವಾಗಲಿ, ಅವಳು ಬಂದಳೆಂದರೆ ಎದುರಿನವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಾರೆ. ಯಾರನ್ನೂ ಗದರಿಸಿದವಳಲ್ಲ, ದಾರಿ ಬಿಡಿ ಎಂದು ಕೇಳಿದವಳೂ ಅಲ್ಲ. ಆಯುಷ್ಯದ ಬಹುಭಾಗ ಕುರಿಹಿಂಡಿನೊಡನೆ ನಡೆದ ಆ ಕಾಲುಗಳಿಗೆ, ಮುಂದಿರುವುದೆಲ್ಲ ಹೊತ್ತಿಗೆ ಸರಿಯಾಗಿ ಸರಿದುಕೊಳ್ಳುತ್ತದೆಂಬ ಅಚಲ ವಿಶ್ವಾಸ. ಸೀರೆಯ ಮೇಲೆ ಗಂಡಸರ ಕಪ್ಪು ಕೋಟು ತೊಡುತ್ತಾಳೆ. ಅದು ತೀರಿಹೋದ ಗಂಡನ ನೆನಪೇನೂ ಅಲ್ಲ. ಹರಪನಹಳ್ಳಿ ಸಂತೆಯಲ್ಲಿ ತಾನೇ ಆರಿಸಿ, ಅಂಗಡಿಯವನ ಜೀವ ತಿಂದು ಕೊಂಡದ್ದು. ಹೆಂಗಸರ ಬಟ್ಟೆಗೆ ಜೇಬಿಡದ ದರ್ಜಿಗಳ ಮೇಲೆ ಅವಳಿಗೊಂದು ಸಾತ್ವಿಕ ಕೋಪವಿದೆ. ಆ ಕೋಟಿನ ಜೇಬಿನಲ್ಲಿ ಎಲೆಯಡಿಕೆ, ಹುರಿದ ಶೇಂಗಾ, ಮನೆಯ ಕೀಲಿ ಇರುವುದು ನಿತ್ಯದ ಮಾತು; ಒಮ್ಮೆ ಆಗತಾನೆ ಹುಟ್ಟಿದ ಕುರಿಮರಿಯೂ ಅದರೊಳಗಿತ್ತು. ಕೂಡ್ಲಿಗಿ ಬಸ್ಸಿನ ಕಂಡಕ್ಟರು ಮರಿಗೂ ಟಿಕೇಟು ಮಾಡಿಸಬೇಕೆಂದಾಗ, "ಮರಿ ಕೋಟಿನಾಗ ಐತಿ, ಕೋಟು ನನ್ನ ಮೈಮ್ಯಾಲ ಐತಿ. ಏನೀಗ?" ಎಂದಳಂತೆ. ಅವನು ಟಿಕೇಟು ಹರಿಯುವಷ್ಟರಲ್ಲಿ ಇಳಿಯುವ ಊರು ಬಂದಿತ್ತು.

ಈ 'ಏನೀಗ?' ಎಂಬುದು ಅವಳ ಮಾತಿನ ಪೂರ್ಣವಿರಾಮ. ಸಾರಿಗೆ ಉಪ್ಪು ಹೆಚ್ಚಾಯಿತೆಂದವರಿಗೂ, ಮಳೆ ಬರುವಂತಿದೆ ಎಂದವರಿಗೂ ಅದೇ ಉತ್ತರ. ಇಟ್ಟಿಗಿಯ ಈ ಹೆಣ್ಣುಮಗಳು ಸಂಬಂಧದಲ್ಲಿ ನನಗೆ ಸೋದರತ್ತೆ. ಊರೆಲ್ಲ ಅಕ್ಕ ಎನ್ನುವುದರಿಂದ ನನಗೂ ಅಕ್ಕನೇ.

ನಮ್ಮ ಸೀಮೆಯಲ್ಲಿ ಕಾರಣವಿಲ್ಲದೆ ಯಾರೂ ಊರು ಬಿಟ್ಟು ಹೊರಡುವುದಿಲ್ಲ. ಮದುವೆ, ಮಣ್ಣು, ಆಸ್ಪತ್ರೆ. ಇವು ಬಿಟ್ಟರೆ ದೇವರು. ಅಂಜಿನಕ್ಕನೂ ಹಾಗೆಯೇ ತಿರುಗಿದವಳು. ಗಂಡನ ಜ್ವರ ಇಳಿಯಲೆಂದು ಮೈಲಾರಕ್ಕೆ, ಕುರಿಗಳಿಗೆ ರೋಗ ತಗುಲಿದಾಗ ಉಚ್ಚಂಗಿದುರ್ಗಕ್ಕೆ, ಮಗಳ ಹೆರಿಗೆ ಸುಸೂತ್ರವಾಗಲೆಂದು ಶ್ರೀಶೈಲಕ್ಕೆ. ಹೋದಲ್ಲೆಲ್ಲ ಸಾಲಿನಲ್ಲಿ ನಿಂತು, ಕಾಯಿ ಒಡೆಸಿ, ಕೇಳಬೇಕಾದದ್ದನ್ನು ಕೇಳಿ, ಅದೇ ಬಸ್ಸಿಗೆ ಮರಳಿದ್ದಾಳೆ. ಶ್ರೀಶೈಲದಲ್ಲಿ ಹೊಳೆ ಇದೆಯಲ್ಲ, ಹೇಗಿದೆ ಎಂದು ನಾನೊಮ್ಮೆ ಕೇಳಿದರೆ, ನೋಡಲು ಪುರುಸೊತ್ತಾಗಲಿಲ್ಲ ಎಂದಿದ್ದಳು.

ಕಳೆದ ಡಿಸೆಂಬರಿನಲ್ಲಿ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದವಳು ರೊಟ್ಟಿ ಉಣ್ಣುತ್ತ ಕುಳಿತಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ನನಗೂ ಹೆಂಡತಿ ಪುಷ್ಪಲತಾಗೂ ಕ್ರಿಸ್‌ಮಸ್ ರಜೆ ಬಂದಿತ್ತು. ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋಗುವ ಮಾತು ನಡೆದಿತ್ತು. ರಾತ್ರಿಯೆಲ್ಲ ಹಡಗಿನಲ್ಲೇ ನಿದ್ದೆ, ಹಗಲು ಒಂದೊಂದು ದ್ವೀಪ ಎಂದು ವಿವರಿಸಿದೆ.

"ಅಲ್ಲಿ ಯಾವ ದೇವ್ರು ಐತಿ?" ಎಂದಳು.

"ದೇವ್ರಿಗಲ್ಲಕ್ಕ, ಸುಮ್ನ ನೀರು ನೋಡಾಕ."

ಅವಳ ಕೈಯಲ್ಲಿದ್ದ ರೊಟ್ಟಿಯ ತುಂಡು ಬಾಯಿಗೆ ಹೋಗದೆ ನಿಂತಿತು. ಬಲು ಮೆಲ್ಲಗೆ ಹೇಳಿದಳು: "ಹಂಗಾರ ನಾನೂ ಬರ್ತೀನಿ ಅರುಣ. ಹೋದಲ್ಲೆಲ್ಲ ಏನರ ಬೇಡೋದಾ ಆತು. ಏನೂ ಬೇಡದಂಗ ಒಂದ್ಸಲ ಎಲ್ಲಿಗಾರ ಹೋಗಿ ಬರಬೇಕು."

ಆ ಮಾತಿಗೆ 'ಏನೀಗ?' ಸೇರಿಸಲಿಲ್ಲ. ಅವಳಿಗೆ ಇದು ನಿಜವಾಗಿ ಬೇಕಾಗಿದೆಯೆಂದು ನನಗೆ ತಿಳಿದದ್ದು ಆಗ. ಅವಳ ನಾದಿನಿ ಗಾದೆಮ್ಮ, ಬೆಳಗಾದರೆ ಗುಡಿ, ಬೈಗಾದರೆ ಭಜನೆ ಎಂದಿರುವ ಜೀವ, ಮನೆಯಿಂದ ಅತ್ತಿಗೆಯೊಬ್ಬಳನ್ನೇ ಕಳಿಸಿದರೆ ಓಣಿ ಏನಂದೀತೆಂದು ತಾನೂ ಹೊರಟಳು.

ಹಡಗಿನ ಮೇಲೆ ಅಂಜಿನಕ್ಕ ಬೇರೊಬ್ಬ ಹೆಂಗಸಾದಳು. ಕಂಬಿ ಹಿಡಿದು ನಿಂತರೆ ನಿಂತಳು, ಕುರ್ಚಿಯಲ್ಲಿ ಕುಳಿತರೆ ಕುಳಿತಳು. ಸದಾ ಏನನ್ನಾದರೂ ಹೊಸೆಯುತ್ತಲೋ ಆರಿಸುತ್ತಲೋ ಇರುತ್ತಿದ್ದ ಆ ಕೈಗಳು ಮಡಿಲಲ್ಲಿ ತೆಪ್ಪಗೆ ಬಿದ್ದಿದ್ದನ್ನು ನಾನು ಕಂಡದ್ದು ಅದೇ ಮೊದಲು. ದ್ವೀಪದ ಹತ್ತಿರ ಹಡಗು ದೂರದಲ್ಲೇ ನಿಲ್ಲುತ್ತದೆ. ಅಲೆಗೆ ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ, ಇಬ್ಬರು ಅಂಬಿಗರು ರಟ್ಟೆ ಹಿಡಿದು ನಮ್ಮನ್ನು ಇಳಿಸಿಕೊಳ್ಳಬೇಕು. ಪುಷ್ಪಲತಾ ಚೀರಿದಳು, ಗಾದೆಮ್ಮ ಎಲ್ಲ ದೇವರನ್ನೂ ಒಟ್ಟಿಗೆ ಕರೆದಳು. ಅಂಜಿನಕ್ಕ ಮಾತ್ರ ಕೋಟಿನ ಮೇಲೆ ಕಿತ್ತಳೆ ಬಣ್ಣದ ತೇಲುವ ಅಂಗಿ ಬಿಗಿಸಿಕೊಂಡು, ತೂಗುತ್ತಿದ್ದ ದೋಣಿಗೆ ಕಾಲಿಟ್ಟು, ಹಲ್ಲು ಕಾಣುವಂತೆ ನಕ್ಕಳು. ದ್ವೀಪದ ಸುತ್ತ ಹವಳದ ದಿಬ್ಬದೊಳಗಿನ ಕೊಳದಂಥ ನೀರು ತಳದ ಮರಳಿನವರೆಗೂ ನಿಚ್ಚಳವಾಗಿತ್ತು. ನೀಲಿ ಮೀನುಗಳು ದೋಣಿಯ ನೆರಳಿನಡಿ ನುಸುಳುತ್ತಿದ್ದವು. "ಇಷ್ಟು ತಿಳಿ ಇದ್ರ ನಮ್ಮ ಕುರಿ ಇದು ನೀರಾ ಅಲ್ಲ ಅಂತಾವ," ಎಂದು ಮೊಣಕೈವರೆಗೆ ಕೈ ಇಳಿಬಿಟ್ಟು ಕುಳಿತಳು. ಎಂಥ ಸುಖವಿತ್ತು ಆ ಮುಖದಲ್ಲಿ! ನೋಡುತ್ತ ನನಗೆ ಹೊಟ್ಟೆ ತುಂಬಿದಂತಾಯಿತು.

ಅನಾಹುತವಾದದ್ದು ಎರಡನೆಯ ದ್ವೀಪವಾದ ಕಲ್ಪೇನಿಯಲ್ಲಿ. ಗಾದೆಮ್ಮ ದೋಣಿಯ ಅಂಚಿಗೆ ಸರಿದು, ಸೆರಗಿನೊಳಗಿಂದ ಚೀಲವೊಂದನ್ನು ತೆಗೆದು ನೀರಿಗೆ ಚಾಚಿದಳು. ನೀರಿಗೆ ಏನೂ ಹಾಕುವಂತಿಲ್ಲವೆಂದು ಅಂಬಿಗ ಕೂಗಿ ಕೈ ಹಿಡಿದ. ಚೀಲ ಜಾರಿ ಅಂಜಿನಕ್ಕನ ಕಾಲ ಬಳಿ ಬಿತ್ತು. ಒಳಗಿಂದ ಉರುಳಿದವು ಅರಿಶಿನ ಬಟ್ಟೆಯ ಪುಟ್ಟ ಗಂಟುಗಳು. ಮನೆಯವರು ಹರಕೆ ಹೊತ್ತು, ನಾಣ್ಯವಿಟ್ಟು, ದೇವರಿಗೆ ಮುಟ್ಟಿಸಲು ಕಟ್ಟುವ ಮುಡಿಪುಗಳು.

"ಇವು ಯಾರವಲೇ ಗಾದಿ?"

ಗಾದೆಮ್ಮ ಅಳುತ್ತ ಎಲ್ಲ ಹೇಳಿದಳು. ಎಲ್ಲಿಗೆ ಹೊಂಟ್ರಿ ಎಂದು ಓಣಿಯವರು ಕೇಳಿದಾಗ, ಸುಮ್ಮನೆ ಹೊರಟಿದ್ದೇವೆ ಎನ್ನಲು ನಾಚಿಕೆಯಾಗಿ, ರಾಮೇಶ್ವರಕ್ಕೆ ಎಂದುಬಿಟ್ಟಿದ್ದಳು. ಅಷ್ಟು ದೂರದ ದೇವರೆಂದ ಮೇಲೆ ಹೆಂಗಸರು ಬಿಟ್ಟಾರೆಯೇ? ಮನೆಮನೆಯಿಂದ ಮುಡಿಪು ಬಂದಿದ್ದವು. "ಅದೂ ದ್ವೀಪ, ಇದೂ ದ್ವೀಪ ಅತ್ತಿಗಿ. ಅಲ್ಲೀದೂ ಇಲ್ಲೀದೂ ನೀರು ಒಂದಾ ಅಲ್ಲೇನು? ಹಾಕಿದ್ರ ಮುಟ್ಟತೈತಿ ಅಂದ್ಕೊಂಡೆ."

ಗಂಟುಗಳಲ್ಲೊಂದು ಪಕ್ಕದ ಮನೆಯ ಉಚ್ಚಂಗೆಮ್ಮನದು. ಅವಳ ಮೊಮ್ಮಗನಿಗೆ ವಯಸ್ಸು ಮೀರುತ್ತ ಬಂದರೂ ಮಾತು ಬಂದಿಲ್ಲ. ಆ ಗಂಟನ್ನು ಅಂಗೈಯಲ್ಲಿ ಹಿಡಿದ ಅಂಜಿನಕ್ಕ ಮತ್ತೆ ನೀರಿನ ಕಡೆ ನೋಡಲಿಲ್ಲ. ಏನೂ ಬೇಡದೆ ಬಂದವಳ ಮಡಿಲಿಗೆ ಓಣಿಯ ಬೇಡಿಕೆಗಳೆಲ್ಲ ಬಂದು ಬಿದ್ದಿದ್ದವು. ಅವಳಿಗೆ ಹೆದರಿಕೆಯಾಗಿತ್ತು. ಸುಳ್ಳು ಬಯಲಾದರೆ ಗಾದೆಮ್ಮ ಓಣಿಯಲ್ಲಿ ತಲೆಯೆತ್ತುವಂತಿಲ್ಲ. ಉಚ್ಚಂಗೆಮ್ಮನ ಜತೆಗಿನ ಇಷ್ಟು ವರ್ಷದ ಬಳಕೆಯೂ ಮುರಿದೀತು.

ಸಂಜೆ ನಾನೊಂದು ದಾರಿ ಹೇಳಿದೆ. ಕೊಚ್ಚಿಯಲ್ಲಿ ಇಳಿದು ರಾಮೇಶ್ವರಕ್ಕೆ ಹೋಗಿ ಮುಡಿಪು ಒಪ್ಪಿಸಿ ಬಂದರಾಯಿತು, ಯಾರಿಗೂ ತಿಳಿಯುವುದಿಲ್ಲ. ಅಂಜಿನಕ್ಕ ಕಂಬಿ ಹಿಡಿದು ನಿಂತಿದ್ದಳು. "ಹಂಗ ಮಾಡಿದ್ರ ನಾ ರಾಮೇಶ್ವರಕ್ಕ ಹೋಗಿ ಬಂದಂಗ ಆಗತೈತಿ. ಇಲ್ಲಿಗೆ ಬಂದದ್ದು ಎಲ್ಲಿಗೆ ಹೋತು?" ಎಂದಳು. ಕೊಚ್ಚಿಯಲ್ಲಿ ಇಳಿದು ನೇರ ಊರಿನ ದಾರಿ ಹಿಡಿದೆವು.

ಇಟ್ಟಿಗಿಯಲ್ಲಿ ಹೆಂಗಸರು ತಂಬಿಗೆಗಳಲ್ಲಿ ನೀರು ತುಂಬಿಕೊಂಡು ಕಾದಿದ್ದರು. ಯಾತ್ರೆ ಮುಗಿಸಿ ಬಂದವರ ಪಾದ ತೊಳೆದು, ಪ್ರಸಾದ ಪಡೆಯುವುದು ನಮ್ಮ ಕಡೆಯ ರೂಢಿ. ಉಚ್ಚಂಗೆಮ್ಮ ಮೊದಲಿಗಳಾಗಿ ಬಾಗಿದಳು. ಅಂಜಿನಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು.

"ತೊಳೀಬ್ಯಾಡ. ನಾವು ರಾಮೇಶ್ವರಕ್ಕ ಹೋಗಿಲ್ಲ. ಸಮುದ್ರದಾಗ ದೋಣ್ಯಾಗ ತಿರುಗ್ಯಾಡಿ ಬಂದೀವಿ." ಒಬ್ಬೊಬ್ಬರ ಗಂಟನ್ನು ಅವರವರ ಕೈಗಿಟ್ಟಳು. "ನಿಮ್ಮ ಮುಡಿಪು ಹೆಂಗಿದ್ವೋ ಹಂಗಾ ಅದಾವ. ಗಾದಿಗೆ ಏನೂ ಅನಬ್ಯಾಡ್ರಿ. ಹೋಗಾಕ ಆಸಿಪಟ್ಟಾಕಿ ನಾನು. ಅದನ್ನ ನಾನಾ ಓಣ್ಯಾಗ ನಿಂತು ಹೇಳಿದ್ದಿದ್ರ ಆಕಿ ಯಾಕ ಸುಳ್ಳು ಹೇಳತಿದ್ಲು?"

ಯಾರೋ ಥೂ ಎಂದರು. ಇಬ್ಬರು ತಂಬಿಗೆಯ ನೀರನ್ನು ಅಲ್ಲೇ ಚೆಲ್ಲಿ ಹೊರಟರು. ಗಾದೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉಚ್ಚಂಗೆಮ್ಮ ಮಾತ್ರ ತನ್ನ ಗಂಟನ್ನು ನೋಡುತ್ತ ಕುಕ್ಕರುಗಾಲಿನಲ್ಲೇ ಕುಳಿತಿದ್ದಳು.

"ದೋಣ್ಯಾಗ ಏನ ಮಾಡಿದಿ?"

"ಏನಿಲ್ಲ. ನೀರಾಗ ಕೈ ಬಿಟ್ಕೊಂಡು ಕುಂತಿದ್ದೆ."

ಉಚ್ಚಂಗೆಮ್ಮ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಹಿಂದಕ್ಕೆ ಸರಿದಿದ್ದ ಅಂಜಿನಕ್ಕನ ಕಾಲನ್ನು ಮುಂದಕ್ಕೆ ಎಳೆದು, ನೀರು ಸುರಿದು, ಧೂಳು ಹೋಗುವಂತೆ ಉಜ್ಜಿದಳು. ಆಮೇಲೆ ತಲೆಯೆತ್ತದೆಯೇ ಅಂದಳು: "ಮತ್ತ ಹೋಗೂದಾದ್ರ ನನಗೂ ಹೇಳು. ಮುಡಿಪು ಮನ್ಯಾಗ ಇಟ್ಟು ಬರ್ತೀನಿ."

ಅಂಜಿನಕ್ಕ ಅತ್ತದ್ದು ಆಗ, ಎಲ್ಲರೆದುರಿಗೆ.

ಇಂಥವರು ಊರಿಗೊಬ್ಬರು ಇರುತ್ತಾರೆ. ದೇವರ ಮೇಲೆ ಮುನಿಸಿಕೊಂಡವರಲ್ಲ, ರೂಢಿಯನ್ನು ಮುರಿಯುತ್ತೇವೆಂದು ಹೊರಟವರೂ ಅಲ್ಲ. ತಮಗೊಂದು ಆಸೆ ಇದೆ ಎನ್ನುವುದಕ್ಕೆ ಬೇರೊಂದು ಹೆಸರು ಹುಡುಕಲು ಒಲ್ಲದವರು, ಅಷ್ಟೇ. ಅದಕ್ಕಾಗಿ ಅವರು ಮಾತು ಅನ್ನಿಸಿಕೊಳ್ಳುವುದೂ ಉಂಟು, ಒಂಟಿಯಾಗುವುದೂ ಉಂಟು. ಆದರೆ ಅವರು ಬಾಯಿಬಿಟ್ಟು ಹೇಳಿದ ಆ ಗಳಿಗೆಯಲ್ಲಿ, ಅದೇ ಆಸೆಯನ್ನು ಯಾರಿಗೂ ಹೇಳದೆ ಮುಪ್ಪಾದ ಇನ್ನೊಂದು ಜೀವ ಪಕ್ಕದಲ್ಲೇ ಇತ್ತೆಂಬುದು ನಮಗೆ ಗೊತ್ತಾಗುತ್ತದೆ.