ಕೆಂಪು ದೀಪ ಹತ್ತಿದಾಗ

ನಾನು ಒಂದು ಗಂಟೆ. ಗುಡಿಯದ್ದಲ್ಲ, ಶಾಲೆಯದ್ದೂ ಅಲ್ಲ. ನಾನು ಬಾರಿಸಿದರೆ ದೇಶ ಆಳುವವರು ಬಾಯಿಗಿಟ್ಟ ತುತ್ತನ್ನು ಬಿಟ್ಟು ಓಡುತ್ತಿದ್ದರು. ಒಂದು ಹಿತ್ತಾಳೆಯ ಬಟ್ಟಲು, ಒಳಗೊಂದು ಪುಟ್ಟ ಸುತ್ತಿಗೆ, ಎರಡು ತಂತಿ, ಇಷ್ಟೇ ನನ್ನ ಮೈ. ಕಾರ್ಖಾನೆಯಲ್ಲಿ ನನ್ನನ್ನು ಮೊದಲ ಸಲ ಬಾರಿಸಿ ನೋಡಿದವನು ಕಿವಿ ಮುಚ್ಚಿಕೊಂಡು, "ಇದು ಯಾರ ಪಾಲಿಗಪ್ಪಾ!" ಎಂದು ನಕ್ಕಿದ್ದ.

ನನ್ನನ್ನು ತಂದು ಕೂರಿಸಿದ್ದು ಸಂಸತ್ತಿನಲ್ಲಿ, ಕೆಳಮನೆಗೂ ಮೇಲ್ಮನೆಗೂ ನಡುವೆ. ಎರಡೂ ಮನೆಯ ಸದಸ್ಯರು ಕಾಫಿ ಕುಡಿಯುತ್ತ ಹರಟೆ ಹೊಡೆಯುವ ಸಭಾಂಗಣವೊಂದು ಅಲ್ಲಿತ್ತು. ಅದರ ಬಾಗಿಲ ಮೇಲೆ ನಾನು. ನನ್ನ ಪಕ್ಕದಲ್ಲಿ ಎರಡು ದೀಪ: ಕೆಳಮನೆಗೆ ಹಸಿರು, ಮೇಲ್ಮನೆಗೆ ಕೆಂಪು. ದನಿ ಮಾತ್ರ ಎರಡಕ್ಕೂ ಒಂದೇ.

ಮಸೂದೆಯೊಂದು ಕಾನೂನಾಗುವುದೆಂದರೆ ಹುಡುಗಾಟವಲ್ಲ. ಮೊದಲು ಒಂದು ಮನೆಯಲ್ಲಿ ಅದನ್ನು ಮಂಡಿಸಬೇಕು, ಚರ್ಚಿಸಬೇಕು, ಒಂದೊಂದೇ ಕಲಮನ್ನು ಒಪ್ಪಬೇಕು. ಆಮೇಲೆ ಇನ್ನೊಂದು ಮನೆಯಲ್ಲೂ ಅದೇ ಪಾಡು. ಎರಡನೆಯ ಮನೆ ಏನಾದರೂ ತಿದ್ದಿದರೆ ಅದು ತಿರುಗಿ ಮೊದಲಿನ ಮನೆಗೆ ಹೋಗಬೇಕು. ಎರಡೂ ಮನೆ ಒಪ್ಪಿದ ಮೇಲೆ ರಾಷ್ಟ್ರಪತಿಗಳ ರುಜು. ಬಹಳ ಸಲ "ಹೌದು", "ಇಲ್ಲ" ಎಂಬ ಕೂಗಿನಲ್ಲೇ ತೀರ್ಮಾನ ಮುಗಿಯುತ್ತಿತ್ತು. ಕೂಗು ಸಾಲದು, ತಲೆ ಎಣಿಸಿ ಎಂದು ಯಾರಾದರೂ ಪಟ್ಟು ಹಿಡಿದರೆ ಆಗ ನನಗೆ ಕೆಲಸ. ಕೆಲವೇ ನಿಮಿಷ ನಾನು ಬಾರಿಸುತ್ತಿದ್ದೆ. ನಾನು ನಿಂತೊಡನೆ ಬಾಗಿಲು ಹಾಕುತ್ತಿದ್ದರು. ಹೊರಗೆ ಉಳಿದವರು ಎಷ್ಟೇ ದೊಡ್ಡವರಾಗಿರಲಿ, ಹೊರಗೇ. ಇದರಿಂದ ನನಗೆ ಬಹಳ ಜಂಬವಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಚನ್ನವೀರಪ್ಪ ಹೂಲಗೇರಿಯವರು ವರ್ಷಗಟ್ಟಲೆ ಕೆಳಮನೆಯಲ್ಲಿದ್ದವರು. ಹಸಿರು ದೀಪ ಹತ್ತಿದರೆ ಮೊದಲು ಏಳುತ್ತಿದ್ದವರು ಅವರೇ. ಆ ಸಲ ಅವರು ಮೇಲ್ಮನೆಗೆ ಆರಿಸಿ ಬಂದಿದ್ದರು. ಬಂದ ಹೊಸತರಲ್ಲೇ ಇಲಕಲ್ಲಿನ ಕಡೆಯ ಗುರುಸಿದ್ದವ್ವ ಅವರನ್ನು ಹುಡುಕಿಕೊಂಡು ಬಂದಳು. ಅವಳ ಗಂಡ ಕಲ್ಲು ಕೊರೆಯುವ ಕೆಲಸದವನು, ಧೂಳು ಕುಡಿದೂ ಕುಡಿದೂ ಎದೆ ಕೆಟ್ಟು ಸತ್ತಿದ್ದ. ಅಂಥವರ ಮನೆಯವರಿಗೆ ಪರಿಹಾರ ಕೊಡುವ ಮಸೂದೆ ಕೆಳಮನೆ ದಾಟಿ ಮೇಲ್ಮನೆಗೆ ಬಂದಿತ್ತು. ಆದರೆ ಅದು ಕೆಲಸದ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ಅವಳ ಗಂಡನ ಹೆಸರನ್ನು ಯಾರೂ ಹಾಜರಿಯಲ್ಲಿ ಬರೆದಿರಲಿಲ್ಲ. ಜೊತೆಯಲ್ಲಿ ದುಡಿದವರು ಸಾಕ್ಷಿ ಹೇಳಿದರೂ ಸಾಕು ಎಂಬ ತಿದ್ದುಪಡಿಯನ್ನು ಬೇರೊಬ್ಬ ಸದಸ್ಯರು ತಂದಿದ್ದರು. ಗೆಲ್ಲುವುದು ಸೋಲುವುದು ಕೂದಲೆಳೆಯಲ್ಲಿತ್ತು.

"ನನ್ನ ಓಟು ನಿನ್ನದವ್ವ, ಚಿಂತಿ ಮಾಡಬ್ಯಾಡ" ಎಂದಿದ್ದರು ಚನ್ನವೀರಪ್ಪನವರು.

ತಿದ್ದುಪಡಿ ಚರ್ಚೆಗೆ ಬಂದ ದಿನ ಮೇಲ್ಮನೆಯಲ್ಲಿ ಸಚಿವರು ಉತ್ತರ ಕೊಡಲು ಎದ್ದರು. ಅವರ ಉತ್ತರವೆಂದರೆ ಎಂದೂ ಬೇಗ ಮುಗಿಯುವಂಥದ್ದಲ್ಲ. ಒಂದು ಕಪ್ ಕಾಫಿ ಕುಡಿದು ಬರೋಣವೆಂದು ಚನ್ನವೀರಪ್ಪನವರು ಸಭಾಂಗಣಕ್ಕೆ ಬಂದರು. ಅಲ್ಲಿ ಮೈಸೂರು ಕಡೆಯ ವಿಜಯಾಂಬಾ ಅರಸ್ ಇದ್ದರು, ಕೆಳಮನೆಯವರು, ಅವರ ಹಳೆಯ ಜೊತೆಗಾರ್ತಿ. ಇಬ್ಬರಿಗೂ ಮಾತು ಹತ್ತಿತು. ಅತ್ತ ಸಚಿವರು ಅಂದೇ ಮಾತು ಮೊಟಕುಗೊಳಿಸಬೇಕೆ? ತಿದ್ದುಪಡಿ ಮತಕ್ಕೆ ಬಂತು. ನನ್ನ ಕೆಂಪು ದೀಪ ಹತ್ತಿತು. ನಾನು ಬಾರಿಸತೊಡಗಿದೆ.

"ಗಂಟೆ ಹೊಡೀತಿದೆ ಸಾರ್, ಏಳೋಣ್ವಾ?" ಎಂದರು ವಿಜಯಾಂಬಾ.

ಚನ್ನವೀರಪ್ಪನವರು ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. "ಕುಂದರ್ರಿ, ಕುಂದರ್ರಿ. ಕೆಂಪು ದೀಪ ಐತಿ, ನಮ್ದಲ್ಲ."

ಅವರು ಮತ್ತೆ ಕಾಫಿ ಹೀರಿದರು. ನಾನು ಬಾರಿಸುತ್ತಲೇ ಇದ್ದೆ. ಮೇಲ್ಮನೆಯ ಬೇರೆಯವರೆಲ್ಲ ಎದ್ದು ಹೋದರು. ಏಳಿ ಎಂದು ಕೂಗಬೇಕೆನಿಸಿತು, ಆದರೆ ನನಗೆ ಗೊತ್ತಿದ್ದುದು ಅದೊಂದೇ ದನಿ.

ವಿಜಯಾಂಬಾ ತಟ್ಟನೆ ಹಣೆ ಚಚ್ಚಿಕೊಂಡರು. "ಅಯ್ಯೋ ಸಾರ್, ನೀವೀಗ ಮೇಲ್ಮನೆಯೋರಲ್ವಾ!"

ಕಾಫಿ ಕಪ್ ಕೈಜಾರಿತು. ಚನ್ನವೀರಪ್ಪನವರು ಧೋತರದ ಚುಂಗನ್ನು ಕೈಯಲ್ಲಿ ಹಿಡಿದು ಓಡಿದರು. ಇನ್ನೊಂದಿಷ್ಟು ಹೊತ್ತು ಬಾರಿಸಲು ನಾನು ಏನು ಬೇಕಾದರೂ ಕೊಡುತ್ತಿದ್ದೆ. ಒಳಗಿನವರು ಗಂಟೆಯ ಗುಂಡಿಯಿಂದ ಕೈ ತೆಗೆದರು. ನಾನು ನಿಂತೆ. ಅವರು ತಲುಪುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

ಮತಗಳು ಸಮಸಮ ಬಿದ್ದವು. ಹಾಗೆ ಬಿದ್ದಾಗ ಪೀಠದಲ್ಲಿದ್ದವರು ತಮ್ಮ ಮತವನ್ನು ಇದ್ದದ್ದು ಇದ್ದಂತಿರಲಿ ಎನ್ನುವ ಕಡೆಗೆ ಹಾಕುವುದು ರೂಢಿ. ಅವರು ಹಾಗೆಯೇ ಮಾಡಿದರು. ತಿದ್ದುಪಡಿ ಬಿತ್ತು, ಮಸೂದೆ ಗೆದ್ದಿತು. ಅದರಲ್ಲಿ ಗುರುಸಿದ್ದವ್ವನಿಗೆ ಜಾಗವಿರಲಿಲ್ಲ.

ಗ್ಯಾಲರಿಯಲ್ಲಿ ಕೂತಿದ್ದ ಅವಳು ಪ್ರೇಕ್ಷಕರ ಪಾಸಿನ ಹೊತ್ತು ಮುಗಿದು ಆಗಲೇ ಹೊರಗೆ ಹೋಗಿದ್ದಳು, ಇದೊಂದನ್ನೂ ಕಂಡಿರಲಿಲ್ಲ. ಚನ್ನವೀರಪ್ಪನವರು ಅವಳನ್ನು ಕರೆಸಿದರು. ನನ್ನ ಕೆಳಗೇ ನಿಂತು, ನೆಲ ನೋಡುತ್ತ ಹೇಳಿದರು. "ಒಂದ ಓಟು ಕಡಿಮಿ ಬಿತ್ತವ್ವ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇರಲಿ ಬಿಡ್ರಿ ಸಾಹೇಬ್ರ. ನೀವರ ನಮ್ಮ ಕಡಿ ಹಾಕಿದ್ರಲ್ಲ, ಅಷ್ಟ ಸಾಕು."

ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

"ಆ ಒಬ್ರು ಯಾರೋ ಏನೋ, ಏನ್ ತ್ರಾಸಿತ್ತೋ ಪಾಪ. ಸಿಕ್ರ ಹೇಳ್ರಿ, ನಾವೇನು ಅವರಿಗೆ ಶಾಪಾ ಹಾಕಿಲ್ಲ ಅಂತ."

"ಹೇಳತೀನವ್ವ" ಎಂದರು ಚನ್ನವೀರಪ್ಪನವರು. ಅವಳು ಕೈಮುಗಿದು ಹೋದಳು.

ಆಮೇಲೆ ಅವರು ಒಂದೇ ಸಮನೆ ಬೆನ್ನುಹತ್ತಿ ಎರಡು ಮನೆಗೂ ಬೇರೆ ಬೇರೆ ದನಿಯ ಗಂಟೆ ಹಾಕಿಸಿದರು. ಹೊಸ ಸದಸ್ಯರಿಗೆ ಅನುಕೂಲವಾಗಲಿ ಎಂದಷ್ಟೇ ಎಲ್ಲರಿಗೂ ಹೇಳುತ್ತಿದ್ದರು. ನನ್ನನ್ನು ಕಳಚಿದ ದಿನ ಬಂದು ಕೆಳಗೆ ನಿಂತು ನೋಡಿದರು. ಎಲೆಕ್ಟ್ರಿಷಿಯನ್, "ದನಿ ಇನ್ನೂ ಗಟ್ಟಿಯಾಗಿದೆ ಸಾರ್" ಎಂದ. ಅವರು ಹೊರಟುಹೋದರು.

ಈಗ ನಾನು ಉಗ್ರಾಣದಲ್ಲಿ, ಮುರಿದ ಫ್ಯಾನುಗಳ ನಡುವೆ ಇದ್ದೇನೆ. ಅವರು ಊರಿಗೆ ಹೋಗಿ ನಿಜ ಹೇಳಿದರೋ ಇಲ್ಲವೋ ನನಗೆ ತಿಳಿಯದು. ನನಗೆ ತಿಳಿದಿರುವುದು ಇಷ್ಟೇ: ಬೈಯದೆ ಹೋದ ಆ ಹೆಂಗಸಿನ ಮುಂದೆ ನಾವಿಬ್ಬರೂ ಸುಮ್ಮನಿದ್ದೆವು. ನನಗಾದರೋ ಮಾತು ಬರುತ್ತಿರಲಿಲ್ಲ.