ಗಾಳಿಗೆ ಬೆನ್ನು ಕೊಟ್ಟು ನಿಂತ ಕಾರು

ನನಗೆ ಎಲ್ಲಕ್ಕಿಂತ ಮೊದಲು ನೆನಪಾಗುವುದು ಒಂದು ವಾಸನೆ. ಹುಣಸೆಹಣ್ಣು ಕಿವುಚಿದಂಥ ಹುಳಿ, ಅದರೊಳಗೆ ಬಿಸಿ ಲೋಹದ ಕಮಟು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದ್ದರು. ಹೊಳಪು ಬರಲೆಂದು ಆ ಹುಳಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆದರು. ನಾನು ಒಂದು ಕಾರಿನ ಎಡಗಡೆಯ ಹಿಂಬಾಗಿಲಿನ ಹ್ಯಾಂಡಲ್.

ನನ್ನ ರಚನೆ ಬಹಳ ಸರಳ. ಬೆರಳ ತುದಿಗಳನ್ನು ಕೆಳಗಿನಿಂದ ತೂರಿಸಿ ನನ್ನನ್ನು ಮೇಲಕ್ಕೆತ್ತಬೇಕು, ಬಾಗಿಲು ಬಿಚ್ಚಿಕೊಳ್ಳುತ್ತದೆ. ಈಗಿನ ಕಾರುಗಳ ಹ್ಯಾಂಡಲನ್ನು ಬಕೆಟ್ಟಿನ ಹಿಡಿಯಂತೆ ಮುಷ್ಟಿಯಲ್ಲಿ ಹಿಡಿದು ಎಳೆಯಬಹುದು, ಹಿಡಿದು ತಡೆಯಲೂಬಹುದು. ನನ್ನನ್ನು ಹಾಗೆ ಹಿಡಿಯಲಾಗದು. ಬಾಗಿಲು ತೆರೆಯುವ ತನಕ ಬೆರಳುಗಳು ನನ್ನ ಜೊತೆಗಿರುತ್ತವೆ. ತೆರೆದ ಮೇಲೆ ಜಾರುತ್ತವೆ. ಆ ಒಂದು ಕ್ಷಣದಲ್ಲಿ ಬಾಗಿಲು ಯಾರ ಕೈಯಲ್ಲೂ ಇರುವುದಿಲ್ಲ. ಜೀವನವಿಡೀ ನಾನು ಹೆದರಿದ್ದು ಆ ಕ್ಷಣಕ್ಕೆ.

ಧಾರವಾಡದಲ್ಲಿ ನನ್ನ ಮೊದಲ ಒಡತಿ ವಸುಧಾ ಮೇಡಮ್ಮನವರ ಮನೆಯ ಸುತ್ತ ಎತ್ತರದ ಮರಗಳಿದ್ದವು. ಗಾಳಿ ಅಲ್ಲಿ ಎಲೆಗಳ ಜೊತೆ ಮಾತಾಡಿ ಹೋಗುತ್ತಿತ್ತು, ಅಷ್ಟೆ. ಕಾಲೇಜಿನಿಂದ ಬಂದವರು ಸೀರೆಯ ಸೆರಗಿನಿಂದ ನನ್ನ ಮೇಲಿನ ಧೂಳನ್ನು ಒರೆಸುತ್ತಿದ್ದರು. ಯಾರೂ ನೋಡದ ಆ ಒರೆಸುವಿಕೆಯನ್ನು ನಾನು ಮರೆತಿಲ್ಲ.

ಅವರ ಕಣ್ಣು ಮಂದವಾದ ಮೇಲೆ ಕಾರು ಗದಗಿನ ಕಡೆಯ ಚಂಬಣ್ಣನ ಪಾಲಾಯಿತು. ಅವನ ಊರಿನ ಹಿಂದಿನ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವನ್ನು ನೋಡಿದ ಮೊದಲ ದಿನವೇ ನನ್ನ ಸ್ಪ್ರಿಂಗು ಬಿಗಿಯಿತು. ಗಾಳಿಗಾಗಿಯೇ ಹುಡುಕಿಕೊಂಡು ಬಂದು ಯಂತ್ರ ನೆಟ್ಟ ಊರಿದು!

ಚಂಬಣ್ಣನ ತಾಯಿ ಶಾವಂತ್ರೆವ್ವನದು ಒಂದೇ ಕಟ್ಟಳೆ. ಮನೆಯ ಮುಂದೆ ಕಾರು ನಿಂತರೆ ಮೂಡಣಕ್ಕೇ ಮುಖ ಮಾಡಿರಬೇಕು.

"ಅವ್ವಾ, ಆಷಾಢದ ಗಾಳಿ ಪಡುವಣದಿಂದ ಬರ್ತೈತಿ. ಹಿಂದಿನಿಂದ ಹೊಡದ್ರ ಬಾಗಲಾ ಕಿತ್ಕೊಂಡು ಹೋಗ್ತಾವು," ಎಂದ ಚಂಬಣ್ಣ.

"ದಿನಾ ಏನರೆ ಮಾಡ್ಕೋ. ಮದಿವ್ಯಾದ ಮಗಳು ಮೊದಲನೇ ಆಷಾಢಕ್ಕ ತವರಿಗೆ ಬರಾಕತ್ತಾಳ. ಸೂರ್ಯಾಗ ಬೆನ್ನ ಮಾಡಿ ಇಳಸ್ತಿಯೇನು?"

ಚಂಬಣ್ಣ ಕಾರು ತೊಳೆಯಲು ಬಕೆಟ್ಟು ಎತ್ತಿಕೊಂಡ.

ತಂಗಿ ನೀಲವ್ವನನ್ನು ಕರೆತಂದ ದಿನ ಗುಡ್ಡದ ಯಂತ್ರಗಳು ಬುಸುಗುಟ್ಟುತ್ತಿದ್ದವು. ಕಾರು ಮೂಡಣಕ್ಕೆ ಮುಖ ಮಾಡಿ ನಿಂತಿತು. ಮಗಳ ಮುಖ ನೋಡುವ ಅವಸರದಲ್ಲಿ ಶಾವಂತ್ರೆವ್ವ ತಾನೇ ಓಡಿಬಂದಳು. ಎದುರಿನಿಂದ ಪಕ್ಕದ ಮನೆಯ ಫಕೀರವ್ವನೂ ಬಂದಳು, ಸೊಂಟದ ಮೇಲೆ ರೊಟ್ಟಿಬುಟ್ಟಿ. ಪೇಟೆಯ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟೇ ಅವಳ ಜೀವನ.

ಬೇಡ, ತಾಯಿ, ತಡೆ. ನನಗೆ ಬಾಯಿರಲಿಲ್ಲ. ಶಾವಂತ್ರೆವ್ವನ ಬೆರಳು ನನ್ನನ್ನು ಎತ್ತಿದವು. ಗಾಳಿ ಬಾಗಿಲನ್ನು ಕಸಿದುಕೊಂಡಿತು. ಬಾಗಿಲಿನ ಅಂಚು ಫಕೀರವ್ವನ ಬಲ ಮಣಿಕಟ್ಟಿಗೆ ಬಡಿಯಿತು. ರೊಟ್ಟಿಗಳು ಓಣಿಯ ತುಂಬ ಹಾರಾಡಿದವು.

ಎಲುಬು ಮುರಿದಿತ್ತು. ಅದೇ ಕಾರಿನಲ್ಲಿ ದವಾಖಾನೆಗೆ ಹೋದರು. ಶಾವಂತ್ರೆವ್ವ ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅಳಬ್ಯಾಡ ಸುಮ್ಕಿರ ಯಕ್ಕಾ, ಕೈ ನಂದು ಮುರದೈತಿ," ಎಂದು ಫಕೀರವ್ವನೇ ಗದರಿದಳು. ಕೂಡಿಸಿದ ಕೈ ರೊಟ್ಟಿ ಬಡಿಯುವಷ್ಟು ಗಟ್ಟಿಯಾಗುತ್ತದೆಯೇ ಎಂದು ಕೇಳಿದರೆ ಡಾಕ್ಟರರು, "ನೋಡೂಣು," ಎಂದರಂತೆ.

ಮರುದಿನ ಬೆಳಿಗ್ಗೆ ಶಾವಂತ್ರೆವ್ವ ತಾನೇ ರೊಟ್ಟಿ ಬಡಿಯಲು ಫಕೀರವ್ವನ ಒಲೆಯ ಮುಂದೆ ಕುಳಿತಳು. ಖಾನಾವಳಿಯವರು ಬೇರೆಯವರಿಗೆ ರೊಟ್ಟಿ ವಹಿಸಿಬಿಟ್ಟರೆ ಏನು ಗತಿ? ಪೇಟೆಗೆ ಒಯ್ಯಲೆಂದು ಬುಟ್ಟಿ ಹಿಡಿದು ಇಬ್ಬರೂ ಕಾರಿನ ಬಳಿ ಬರುವಾಗ ನನಗೆ ಅವರ ಮಾತು ಕೇಳಿಸುತ್ತಿತ್ತು.

"ಯಕ್ಕಾ, ಇವು ರೊಟ್ಟಿನೋ ನಿನ್ನ ಮಗನ ಕಾರಿನ ಟೈರೋ?"

"ಬಾಯಿ ಮುಚ್ಚ. ಉಣ್ಣಾವ್ರ ಹಲ್ಲ ಗಟ್ಟಿ ಅದಾವು."

ನಕ್ಕರು. ಆದರೆ ಫಕೀರವ್ವ ಆ ಕಡೆ ತಿರುಗಿದೊಡನೆ ಶಾವಂತ್ರೆವ್ವ ಅವಳ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಿದ್ದಳು. ಕಾರು ಈಗ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಎದುರುಗಾಳಿಗೆ ಬಾಗಿಲು ಬಿಚ್ಚುವುದು ಭಾರ. ಕೈ ತಪ್ಪಿದರೆ ತನ್ನಷ್ಟಕ್ಕೆ ಬಡಿದು ಮುಚ್ಚಿಕೊಳ್ಳುತ್ತದೆ. ಶಾವಂತ್ರೆವ್ವ ಒಂದು ಕೈಯಲ್ಲಿ ನನ್ನನ್ನು ಎತ್ತಿ, ಇನ್ನೊಂದು ಕೈಯಿಂದ ಬಾಗಿಲಿನ ಅಂಚು ಹಿಡಿದು, ಸೊಂಟ ಅಡ್ಡ ಕೊಟ್ಟು ನಿಲ್ಲುತ್ತಿದ್ದಳು. ಹಾಗೆ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. "ಸೂರ್ಯಾ ಏನಂತಾನ ಯಕ್ಕಾ?" ಎಂದು ಫಕೀರವ್ವ ಕೆಣಕಿದರೆ, "ಅವಗ ನಾ ಹೇಳೀನಿ," ಎನ್ನುತ್ತಿದ್ದಳು.

ಪಟ್ಟಿ ಬಿಚ್ಚಿದ ದಿನ ಫಕೀರವ್ವನ ಬಲಗೈ ಬೆರಳುಗಳು ನನ್ನ ಕೆಳಗೆ ಬಂದವು. ನನ್ನನ್ನು ಎತ್ತಲು ಒಂದು ಬಟ್ಟಲು ಎತ್ತುವಷ್ಟು ಬಲ ಸಾಕು. ಅಷ್ಟೂ ಇರಲಿಲ್ಲ. ಬೆರಳು ನಡುಗಿ ಜಾರಿದವು. ಅವಳು ಎಡಗೈಯಿಂದ ಬಾಗಿಲು ತೆಗೆದಳು. ಶಾವಂತ್ರೆವ್ವ ನೋಡದವಳಂತೆ ಗುಡ್ಡದ ಕಡೆ ಮುಖ ತಿರುಗಿಸಿದಳು.

ಅದೇ ಚಳಿಗಾಲದಲ್ಲಿ ಕಾರಿನ ಎಂಜಿನ್ನು ಕೈಕೊಟ್ಟಿತು. ನಮ್ಮನ್ನು ಹಿತ್ತಲಿಗೆ ನೂಕಿ, ಚಕ್ರ ಬಿಚ್ಚಿ, ಕಲ್ಲಿನ ಮೇಲೆ ಏರಿಸಿದರು. ಶಾವಂತ್ರೆವ್ವ ಮಾತ್ರ ಇನ್ನೂ ದಿನವೂ ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿ ಈಗ ಬಸ್ಸಿನಲ್ಲಿ ಹೋಗುತ್ತಿತ್ತು. ಮಧ್ಯಾಹ್ನ ಗಾಳಿಯ ಮರೆಗೆಂದು ಬಂದು ಹಿಂದಿನ ಸೀಟಿನಲ್ಲಿ ಒರಗುತ್ತಿದ್ದಳು. ನನ್ನ ಹೊಳಪು ಹೋಗಿದೆ. ಆದರೂ ಗಾಳಿ ಎದ್ದರೆ ಒಳಗಿನ ಸ್ಪ್ರಿಂಗು ಇಂದಿಗೂ ಬಿಗಿಯುತ್ತದೆ. ಬಾಗಿಲು ತೆರೆಯುವುದನ್ನಷ್ಟೇ ಕಲಿತು ಹುಟ್ಟಿದ ನನಗೆ, ಅದನ್ನು ಹಿಡಿದು ನಿಲ್ಲುವುದು ಮನುಷ್ಯರ ಕೈಯಲ್ಲೇ ಇದೆ ಎಂಬುದು ತಡವಾಗಿ ತಿಳಿಯಿತು.

ಮತ್ತೆ ಆಷಾಢ ಬಂತು. ಒಂದು ದಿನ ಬೆಳಿಗ್ಗೆ ಫಕೀರವ್ವ, "ಇವತ್ತ ಬರಬ್ಯಾಡ, ಹೋಗ," ಎಂದು ಶಾವಂತ್ರೆವ್ವನನ್ನು ಬಾಗಿಲಿನಿಂದಲೇ ಕಳಿಸಿದ್ದಳಂತೆ. ಮುನಿಸೇನೋ ಎಂದು ಗೊಣಗುತ್ತ ಅವಳು ಕಾರಿನೊಳಗೆ ಕುಳಿತಿದ್ದಳು.

ಹಿತ್ತಲಲ್ಲಿ ಹೆಜ್ಜೆ ಕೇಳಿಸಿತು. ಬೆರಳುಗಳು ನನ್ನ ಕೆಳಗೆ ಬಂದವು. ಬಲಗೈ. ಹಿಟ್ಟು ಅಂಟಿತ್ತು. ಎತ್ತಿದವು, ನಡುಗಲಿಲ್ಲ. ಗಾಳಿ ಬಾಗಿಲಿಗೆ ಕೈ ಹಾಕುವ ಮೊದಲೇ ಎಡಗೈ ಅಂಚನ್ನು ಹಿಡಿದಿತ್ತು, ಸೊಂಟ ಅಡ್ಡ ಬಂದಿತ್ತು.

ಫಕೀರವ್ವ ಒಳಗೆ ಬಾಗಿದಳು. ಬಗಲಲ್ಲಿದ್ದ ಬಟ್ಟೆಯ ಗಂಟನ್ನು ಶಾವಂತ್ರೆವ್ವನ ಮಡಿಲಿಗೆ ಇಟ್ಟಳು. ಒಳಗೆ ಬಿಸಿ ರೊಟ್ಟಿಗಳು, ಬಳೆಯಷ್ಟು ದುಂಡಗೆ, ಮೇಲೆ ಒಂದು ಹಿಡಿ ಶೇಂಗಾ ಚಟ್ನಿ.